ಕ್ರಿಮಿನಲ್ ಪ್ರಕರಣಕ್ಕೆ ವಕೀಲರ ಆಯ್ಕೆ: ಸದಸ್ಯರಿಗೆ ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಮನೆಯವರ ಮೇಲೆ ಎಫ್‌ಐಆರ್ ದಾಖಲಾಗಿದೆ, ಒಳ್ಳೆಯ ವಕೀಲರನ್ನು ತಿಳಿಸಿ ಎಂದು ಕೇಳುವವರಿಗೆ ಬರೀ ಹೆಸರುಗಳನ್ನು ಕಳುಹಿಸಿ ಸುಮ್ಮನಾಗಬಾರದೆಂದು ವಿನಂತಿ. ಬಾಗಲಕೋಟೆಯ ಜಿಲ್ಲಾ ನ್ಯಾಯಾಲಯದಲ್ಲಿ ಸೆಷನ್ಸ್ ಪ್ರಕರಣಗಳನ್ನು (ಕೊಲೆಯಂಥ ಗಂಭೀರ ಅಪರಾಧಗಳ ಪ್ರಕರಣಗಳನ್ನು), ಅದರಲ್ಲೂ ಸಾಕ್ಷಿಗಳ ಪಾಟೀಸವಾಲನ್ನು (ಎದುರು ಪಕ್ಷದ ಸಾಕ್ಷಿಗಳನ್ನು ಪ್ರಶ್ನಿಸುವುದನ್ನು), ಸ್ವತಃ ನಡೆಸಿದ ಅನುಭವವುಳ್ಳವರನ್ನೇ ಹುಡುಕಬೇಕು. ಜಮೀನು ವ್ಯಾಜ್ಯಗಳಲ್ಲಿ ಹೆಸರು ಮಾಡಿದವರು ಇದಕ್ಕೂ ಸರಿ ಎಂದು ಭಾವಿಸಬಾರದು.

ವಕಾಲತ್ತಿಗೆ, ಅಂದರೆ ನಿಮ್ಮ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕುವ ಮೊದಲು, ವಿಚಾರಣೆಯ ದಿನ ಅವರೇ ಬರುತ್ತಾರೋ ಕಿರಿಯರನ್ನು ಕಳುಹಿಸುತ್ತಾರೋ, ಶುಲ್ಕ ಜಾಮೀನಿಗಷ್ಟೇ ಸೀಮಿತವೋ ತೀರ್ಪಿನವರೆಗೂ ಅನ್ವಯಿಸುತ್ತದೆಯೋ, ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಬೇಕಾದರೆ ಯಾರು ವಾದಿಸುತ್ತಾರೆ ಎಂಬುದನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳಿರಿ. ಖಂಡಿತ ಬಿಡಿಸುತ್ತೇನೆಂದು ಮಾತು ಕೊಡುವವರಿಂದ ದೂರವಿರಿ. ಜಾಮೀನು ಕೊಡುವವರು ನ್ಯಾಯಾಧೀಶರು, ವಕೀಲರಲ್ಲ.

ಬಂಧಿತರನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಾದ ಕಾರಣ, ಈ ಆಯ್ಕೆಗೆ ಸಿಗುವ ಸಮಯ ಬಹಳ ಕಡಿಮೆ. ಹಣವಿಲ್ಲವೆಂದು ಯಾರೂ ಕೈಚೆಲ್ಲಬಾರದು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಹಾಗೆಯೇ ಬಂಧನದಲ್ಲಿರುವ ಯಾರೇ ಆಗಲಿ ಉಚಿತ ವಕೀಲರ ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಕೊಡಬಹುದು, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.

ಘಟನೆಯ ವಿವರಗಳನ್ನು ದಯವಿಟ್ಟು ಗುಂಪಿನಲ್ಲಿ ಬರೆಯದೆ ವಕೀಲರಿಗೆ ಮಾತ್ರ ತಿಳಿಸಿರಿ.