ಕ್ಲಿಂಗೆಗೆ ಕನ್ನಡದಲ್ಲಿ ಏನಂತಾರೆ?

ಜರ್ಮನಿಯ ನಮ್ಮ ಸಂಘದ ಕನ್ನಡ ತರಗತಿಯ ಪುಟಾಣಿಯೊಬ್ಬಳು ಹೋದ ತಿಂಗಳು ಕೇಳಿದ ಪ್ರಶ್ನೆ ಇದು. ಕ್ಲಿಂಗೆ ಜರ್ಮನ್ ಪದ. ಮೇಷ್ಟ್ರು "ಕಣಿವೆ" ಅಂದರು. "ಕಣಿವೆ ಅಂದ್ರೆ ಟಾಲ್ ಅಲ್ವಾ?" ಎಂದು ಇನ್ನೊಂದು ಜರ್ಮನ್ ಪದ ಹಿಡಿದು ಮರುಪ್ರಶ್ನೆ ಬಂತು. ಹುಡುಗಿ ಹೇಳಿದ್ದೇ ಸರಿ. ಕಣಿವೆಯಲ್ಲಿ ಊರು, ರೈಲುಹಳಿ ಎಲ್ಲ ಹಿಡಿಸುತ್ತವೆ. ಕಮರಿ ಎಂದರೆ ಮೇಲಿನಿಂದ ಬಗ್ಗಿ ನೋಡಿದಾಗ ಎದೆ ಝಲ್ಲೆನ್ನಬೇಕು. ನಮ್ಮ ಶ್ವೇಬಿಷರ್ ವಾಲ್ಡ್‌ನ ಕ್ಲಿಂಗೆ ಎರಡೂ ಅಲ್ಲ. ಕಾಡಿನ ನಡುವೆ ಹಳ್ಳವೊಂದು ಕೊರೆದುಕೊಂಡ ಇಕ್ಕಟ್ಟಾದ ಜಾಗ ಅದು. ಹತ್ತು ಹೆಜ್ಜೆ ಆಚೆ ನಿಂತರೂ ಕಾಣುವುದಿಲ್ಲ, ನೀರಿನ ಸದ್ದು ಮಾತ್ರ ಕೇಳುತ್ತದೆ. ಕೊರಕಲು ಅನ್ನೋಣ. ಆಲ್ಗೊಯ್ ಕಡೆಯವರು ಇದನ್ನೇ ಟೋಬೆಲ್ ಅನ್ನುತ್ತಾರೆ.

ಈ ಸಲದ ಚಾರಣ ಇಂಥದ್ದೊಂದು ಕೊರಕಲಿಗೇ, ಮುರ್ಹಾರ್ಟ್ ಹತ್ತಿರದ ಹೋರ್ಷ್‌ಬಾಖ್ ಶ್ಲುಖ್ಟ್‌ಗೆ. ಸ್ಟುಟ್‌ಗಾರ್ಟ್‌ನಿಂದ ನೇರ ರೀಜನಲ್ ರೈಲಿದೆ, ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸು ನಡೆಯುತ್ತದೆ. ಅಲ್ಲಿ ಎರಡು ಜಲಪಾತಗಳಿವೆ: ಮುಂದಿನದು ಸುಮಾರು 5 ಮೀಟರ್, ಹಿಂದಿನದು ಸುಮಾರು 12 ಮೀಟರ್. ಜೋಗ ನೋಡಿದವರು ನಗಬಹುದು, ನಗಲಿ. ಆದರೆ ಪಾರ್ಟ್‌ನಾಖ್‌ಕ್ಲಾಮ್‌ನಂಥ ಹೆಸರುವಾಸಿ ಕಮರಿಯಲ್ಲಿ ಟಿಕೆಟ್ ಕೌಂಟರ್ ಇದೆ, ಅಪಾಯವಿದ್ದ ದಿನ ಗೇಟು ಹಾಕುವವರಿದ್ದಾರೆ. ಕೊರಕಲಿಗೆ ಕಾವಲಿಲ್ಲ. ಗೇಟು ಹಾಕುವ ಕೆಲಸವೂ ನಮ್ಮದೇ. ಅದಕ್ಕೇ ಈ ಸಂಪಾದಕೀಯ ಇಷ್ಟುದ್ದ.

ಮೊದಲು ನೆಲದ ವಿಚಾರ. ಈ ಕಾಡಿನ ಅಡಿ ಗಟ್ಟಿ ಮರಳುಗಲ್ಲಿನ ಪದರ, ಅದರ ಕೆಳಗೆ ಮೆದು ಮಾರ್ಲ್ ಮಣ್ಣು, ಮತ್ತೆ ಕಲ್ಲು, ಹೀಗೆ ಒಂದರ ಮೇಲೊಂದು ಕೂತಿವೆ. ಹಳ್ಳದ ನೀರು ಕಲ್ಲಿನ ಅಂಚಿನಿಂದ ಬೀಳುವಾಗ ಕೆಳಗಿನ ಮಣ್ಣನ್ನು ಕೊರೆಯುತ್ತದೆ. ಮಣ್ಣು ಹೋದಂತೆ ಮೇಲಿನ ಕಲ್ಲು ಸೂರಿನ ಹಾಗೆ ಮುಂದೆ ಚಾಚಿಕೊಳ್ಳುತ್ತದೆ, ಒಂದು ದಿನ ಮುರಿದು ಬೀಳುತ್ತದೆ. ಜಲಪಾತದ ಕೆಳಗೆ ಕಾಣುವ ಕಾರಿನ ಗಾತ್ರದ ಬಂಡೆಗಳು ಹಾಗೆ ಬಿದ್ದವೇ. ಸೂರಿನಡಿ ಗುಹೆಯಂಥ ಜಾಗ ತಂಪಾಗಿರುತ್ತದೆ, ಮಕ್ಕಳು ಅಲ್ಲೇ ಬುತ್ತಿ ಬಿಚ್ಚೋಣ ಅನ್ನುತ್ತಾರೆ. ಬೇಡ. ಫೋಟೊ ತೆಗೆದು ಹೊರಗೆ ಬನ್ನಿ.

ಮಾರ್ಲ್ ಒದ್ದೆಯಾದರೆ ಹೇಗಿರುತ್ತದೆ ಎಂದು ನಮ್ಮ ಬಯಲುಸೀಮೆಯವರಿಗೆ ವಿವರಿಸಬೇಕಿಲ್ಲ. ಮಳೆ ಬಿದ್ದ ಮಾರನೇ ದಿನದ ಎರೆಹೊಲವೇ ಸರಿ. ಬೂಟಿನಡಿ ಮೆತ್ತಿಕೊಂಡು ತಳದ ಹಲ್ಲನ್ನು ತುಂಬಿಬಿಡುತ್ತದೆ. ಆಮೇಲೆ ನೂರೈವತ್ತು ಯೂರೋ ಕೊಟ್ಟ ಬೂಟೂ ಚಪ್ಪಲಿಯೇ. ಕಲ್ಲಿನ ಮೇಲೆ ಕಾಲಿಡುವ ಮುನ್ನ ಕಡ್ಡಿಯಿಂದ ಕೆರೆದು ತೆಗೆಯಿರಿ. ಮರದ ಬೇರಿನ ಮೇಲೆ ಹೆಜ್ಜೆ ಇಡಬೇಡಿ, ಬೇರುಗಳ ನಡುವೆ ಇಡಿ. ಸಿಪ್ಪೆ ಸುಲಿದ ಒದ್ದೆ ಬೇರು ಎಣ್ಣೆ ಸವರಿದಂತಿರುತ್ತದೆ. ಹಲಗೆ ಸೇತುವೆಯ ಮೇಲೆ ಪಾದ ಪೂರ್ತಿ ಊರಿ, ಸಣ್ಣ ಹೆಜ್ಜೆ ಹಾಕಿ, ಒಬ್ಬೊಬ್ಬರೇ ದಾಟಿ. ಜಾರುವುದು ಹತ್ತುವಾಗಲ್ಲ, ಇಳಿಯುವಾಗ. ಆದ್ದರಿಂದ ಯಾವಾಗಲೂ ಕೊರಕಲನ್ನು ಕೆಳಗಿನಿಂದ ಮೇಲಕ್ಕೆ ಹತ್ತಿ, ವಾಪಸು ಗುಡ್ಡದ ಮೇಲಿನ ಕಾಡುದಾರಿ ಹಿಡಿಯಿರಿ. ಈಗಂತೂ ಉದುರಿದೆಲೆಯ ಕಾಲ, ಮೆಟ್ಟಿಲು ಎಲ್ಲಿದೆಯೆಂದೇ ಕಾಣುವುದಿಲ್ಲ.

ಇನ್ನೊಂದು ಅಪಾಯ ತಲೆಯ ಮೇಲಿನದು. ಕೊರಕಲಿನ ತೇವಕ್ಕೆ ಒಗ್ಗಿ ಬೆಳೆಯುವುದು ಮೇಪಲ್ ಮತ್ತು ಎಷೆ (ಇಂಗ್ಲಿಷಿನ ಆಶ್ ಮರ). ಪೂರ್ವ ಏಷ್ಯಾದಿಂದ ಬಂದ ಶಿಲೀಂಧ್ರವೊಂದು ಕೆಲವು ವರ್ಷಗಳಿಂದ ಎಷೆ ಮರಗಳನ್ನು ತಿನ್ನುತ್ತಿದೆ. ತುದಿ ಒಣಗುತ್ತದೆ, ಬುಡ ಕೊಳೆಯುತ್ತದೆ, ಗಾಳಿಯಿಲ್ಲದ ದಿನವೂ ಮರ ಉರುಳುತ್ತದೆ. ಎಷೆ ಹೆಚ್ಚಿರುವುದೇ ಇಂಥ ಜಾಗದಲ್ಲಾದ್ದರಿಂದ ದಾರಿ ಮುಚ್ಚುವುದೂ ಇಲ್ಲೇ ಹೆಚ್ಚು. "ಗೆಶ್ಪೆರ್ಟ್" (ಮುಚ್ಚಿದೆ) ಎಂಬ ಫಲಕ ಕಂಡರೆ ಪಟ್ಟಿ ದಾಟಿ ಹೋಗುವ ಜಾಣತನ ಬೇಡ. ಹೊರಡುವ ಹಿಂದಿನ ದಿನ ಆ ಊರಿನ ನಗರಸಭೆಯ ಜಾಲತಾಣ ನೋಡುವುದು ಎರಡು ನಿಮಿಷದ ಕೆಲಸ.

ಸಮಯದ ಲೆಕ್ಕ. ಇಲ್ಲಿಯವರ ಡಿನ್ 33466 ಎಂಬ ಮಾನದಂಡದ ಸೂತ್ರ ಹೀಗಿದೆ: ಸಮತಟ್ಟಿನಲ್ಲಿ ಗಂಟೆಗೆ 4 ಕಿ.ಮೀ., ಏರು ಗಂಟೆಗೆ 300 ಮೀಟರ್, ಇಳಿಜಾರು ಗಂಟೆಗೆ 500 ಮೀಟರ್. ದೂರದ ಸಮಯ ಬೇರೆ, ಏರಿಳಿತದ ಸಮಯ ಬೇರೆ ಲೆಕ್ಕ ಹಾಕಿ, ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಬೇಕು. 8 ಕಿ.ಮೀ. ದಾರಿ, 250 ಮೀಟರ್ ಹತ್ತಿ ಅಷ್ಟೇ ಇಳಿಯುವುದಾದರೆ: ದೂರಕ್ಕೆ 2 ಗಂಟೆ, ಏರಿಗೆ 50 ನಿಮಿಷ, ಇಳಿತಕ್ಕೆ 30, ಇವೆರಡೂ ಸೇರಿದ 80ರ ಅರ್ಧ 40, ಒಟ್ಟು 2 ಗಂಟೆ 40 ನಿಮಿಷ. ಇದು ಒಳ್ಳೆಯ ದಾರಿಯ, ಮಕ್ಕಳಿಲ್ಲದ, ಫೋಟೊ ತೆಗೆಯದ ಜರ್ಮನ್ನರ ಲೆಕ್ಕ. ನಮ್ಮ ಗುಂಪಿಗೆ ಅರ್ಧಪಾಲು ಕೂಡಿಸಿ 4 ಗಂಟೆ ಇಟ್ಟುಕೊಳ್ಳಿ, ಬುತ್ತಿಯ ಹೊತ್ತು ಬೇರೆ. ಕೊರಕಲಿನ ತಳದಲ್ಲಿ ಕತ್ತಲೆಯೂ ಬೇಗ, ಮೇಲೆ ಬಿಸಿಲಿದ್ದಾಗಲೇ ಕೆಳಗೆ ಮಬ್ಬು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕೆ ಹೋದ ಮೇಲಂತೂ ಮಧ್ಯಾಹ್ನ ಹೊರಡುವ ಮಾತೇ ಇಲ್ಲ.

ತಳದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಪರೂಪ, ನಕ್ಷೆಯ ನೀಲಿ ಚುಕ್ಕಿ ಗೋಡೆಯಿಂದ ಗೋಡೆಗೆ ನೆಗೆಯುತ್ತದೆ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಕಾಡುದಾರಿಯ ಪಕ್ಕ ಬಿಳಿ ಶಿಲುಬೆ, ಸಂಖ್ಯೆ ಇರುವ ಹಸಿರು ಫಲಕ ಕಂಡರೆ ಫೋಟೊ ಹೊಡೆದಿಟ್ಟುಕೊಳ್ಳಿ. ಅದು ರೆಟುಂಗ್ಸ್‌ಪುಂಕ್ಟ್. 112ಕ್ಕೆ ಕರೆಮಾಡಿ ಆ ಸಂಖ್ಯೆ ಹೇಳಿದರೆ ಆಂಬುಲೆನ್ಸ್ ಎಲ್ಲಿಗೆ ಬರಬೇಕೆಂದು ಅವರಿಗೆ ತಿಳಿಯುತ್ತದೆ.

ಜಿಗಣೆ ಇಲ್ಲವಲ್ಲ ಎಂದು ಮಲೆನಾಡಿನವರು ಹಿಗ್ಗುವ ಮುನ್ನ ಉಣುಗಿನ ಮಾತು. ಇಲ್ಲಿಯ ತ್ಸೆಕೆ ನಮ್ಮ ಉಣುಗಿನ ಬಳಗದ್ದೇ. ಅದು ಹರಡುವ ಎಫ್‌ಎಸ್‌ಎಂಇ ಮಿದುಳುಜ್ವರದ ವೈರಸ್ಸು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸಿಗೆ ಹತ್ತಿರದ ದಾಯಾದಿ. ಬಾಡೆನ್-ವ್ಯುರ್ಟೆಂಬೆರ್ಗ್ ಬಹುತೇಕ ಪೂರ್ತಿ ಅಪಾಯದ ಪ್ರದೇಶ. ಲಸಿಕೆ ಮೂರು ಡೋಸು: ಮೊದಲನೆಯದು ಆದ 1ರಿಂದ 3 ತಿಂಗಳಿಗೆ ಎರಡನೆಯದು, ಮೂರನೆಯದು ಮುಂದಿನ ಒಂದು ವರ್ಷದೊಳಗೆ. ಈ ಚಳಿಗಾಲದಲ್ಲಿ ಶುರುಮಾಡಿದರೆ ವಸಂತದ ಹೊತ್ತಿಗೆ ಎರಡು ಆಗಿರುತ್ತವೆ. ಉಣುಗಿನಿಂದಲೇ ಬರುವ ಇನ್ನೊಂದು ರೋಗ ಬೊರೆಲಿಯೋಸೆಗೆ (ಲೈಮ್ ರೋಗ) ಲಸಿಕೆಯಿಲ್ಲ, ಆದರೆ ಆ ಬ್ಯಾಕ್ಟೀರಿಯಾ ದೇಹಕ್ಕೆ ಇಳಿಯಲು ಸಾಮಾನ್ಯವಾಗಿ ಅರ್ಧ ದಿನಕ್ಕೂ ಹೆಚ್ಚು ಬೇಕು. ಹಾಗಾಗಿ ಅದೇ ರಾತ್ರಿ ಸ್ನಾನದ ಹೊತ್ತಿಗೆ ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಮಕ್ಕಳಿಗಾದರೆ ಕಿವಿಯ ಹಿಂದೆ, ಕೂದಲಂಚಿನಲ್ಲಿ ನೋಡಿ. ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನಿಧಾನ ನೇರಕ್ಕೆ ಎಳೆಯಿರಿ. ಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವ ಅಜ್ಜಿಮದ್ದೂ ಬೇಡ. ಕಿರಿಕಿರಿಯಾದ ಉಣುಗು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಕಚ್ಚಿದ ಜಾಗದ ಸುತ್ತ ಮುಂದಿನ ವಾರಗಳಲ್ಲಿ ಕೆಂಪು ಬಳೆ ಹರಡಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಮಳೆ ನಿಂತ ಮೇಲೆ ದಾರಿಯಲ್ಲಿ ಕಪ್ಪು ಮೈ, ಹಳದಿ ಮಚ್ಚೆಯ, ಹಲ್ಲಿಯಂತೆ ಕಾಣುವ ಫಾಯರ್ ಸಾಲಮಾಂಡರ್ ಎಂಬ ಪ್ರಾಣಿ ಕಾಣಬಹುದು. ಮುಟ್ಟಬಾರದು, ಚರ್ಮದಲ್ಲಿ ವಿಷವಿದೆ. ಅದರ ಮರಿಗಳು ಹಳ್ಳದ ನಿಂತ ನೀರಿನಲ್ಲಿರುತ್ತವೆ, ಕಾಲಾಡಿಸಲು ಅಲ್ಲಿಗೆ ಇಳಿಯಬೇಡಿ.

ತರಬೇಕಾದ್ದು: ಆಳ ಹಲ್ಲಿನ ಬೂಟು, ಒಂದು ಜೊತೆ ಹೆಚ್ಚಿನ ಕಾಲುಚೀಲ, ಟಾರ್ಚು, ತಲಾ ಒಂದೂವರೆ ಲೀಟರ್ ನೀರು. ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಸ್ಟ್ರೋಲರ್ ಖಂಡಿತ ಬೇಡ. ಎಳೆಮಕ್ಕಳಿಗೆ ಬೆನ್ನಿಗೆ ಹಾಕುವ ಕ್ರಾಕ್ಸೆ ಸಂಘದಲ್ಲಿ ಒಂದಿದೆ, ಮೊದಲು ಕೇಳಿದವರಿಗೆ.

ಇನ್ನು ಗಡಿಬಿಡಿಯ ಪ್ರಕಟಣೆಗಳು, ಪುಟ ಮುಗಿಯುತ್ತಾ ಬಂತು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಸಭಾಂಗಣ ಬೆಳಗ್ಗೆ ಹತ್ತಕ್ಕೇ ಸಿಗುತ್ತದೆ, ಕುರ್ಚಿ ಹಾಕುವವರು ಒಂಬತ್ತೂಮುಕ್ಕಾಲಿಗೆ ಬನ್ನಿ. ಮಕ್ಕಳ ನೃತ್ಯದ ಹಾಡುಗಳನ್ನು ಈ ಭಾನುವಾರದೊಳಗೆ ಕಳಿಸಿ. ಹೋಳಿಗೆಗೆ ಹೆಸರು ಕೊಟ್ಟವರು ಮೂವರೇ. ದೀಪಾವಳಿಯಿಂದ ಉಳಿದ ಸ್ಟೀಲ್ ಡಬ್ಬಿಗಳು ಯಾರವೋ ಏನೋ, ಬಂದು ಒಯ್ಯಿರಿ.

ಮತ್ತೆ, ಪತ್ರಿಕೆಗೆ ಆಳು ಬೇಕು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇಲ್ಲೇ ಬ್ರಾಕೆನ್‌ಹೈಮ್‌ನಲ್ಲಿ, ತೀರಿಕೊಂಡದ್ದು ಎಸ್ಲಿಂಗೆನ್‌ನಲ್ಲಿ. ಇಲ್ಲಿಯವರು ಅಲ್ಲಿಗೆ ಹೋಗಿ ಕನ್ನಡ ಕಲಿತು ಪತ್ರಿಕೆ ನಡೆಸಿದರು. ಅಲ್ಲಿಂದ ಬಂದ ನಮಗೆ ಎಂಟು ಪುಟ ಜೋಡಿಸಲು ಇನ್ನೊಬ್ಬರು ಸಿಗುತ್ತಿಲ್ಲ. ಪುಟವಿನ್ಯಾಸ ಬಲ್ಲವರು, ಕಾಗುಣಿತ ತಿದ್ದಬಲ್ಲವರು ದಯವಿಟ್ಟು ಹೇಳಿ. ಚಾರಣಕ್ಕೂ ಗುಂಪಿನ ಕೊನೆಯಲ್ಲಿ ನಡೆಯುವ ಇಬ್ಬರು ಬೇಕು, ಫಸ್ಟ್ ಏಡ್ ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಹಿಂದಿನ ಎರಡು ದಿನ ಜೋರು ಮಳೆಯಾದರೆ, ಗಾಳಿಯ ಎಚ್ಚರಿಕೆ ಇದ್ದರೆ ಚಾರಣ ರದ್ದು. ಶುಕ್ರವಾರ ಸಂಜೆ ಆರಕ್ಕೆ ಗುಂಪಿಗೆ ಸಂದೇಶ ಬರುತ್ತದೆ. ಚಿತ್ರಾನ್ನಕ್ಕೆ ಅಕ್ಕಿ ನೆನೆಹಾಕುವುದು ಅದನ್ನು ನೋಡಿದ ಮೇಲೆ.