ಲೈಟ್‌ಹೌಸ್‌ನ ಗ್ಯಾಸ್ ದೀಪ ಗುಜರಿಗೆ ಹೋಗುವ ಮುಂಚೆ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ನಾನು ಮಲ್ಪೆಯಲ್ಲಿ ಇಪ್ಪತ್ತೆಂಟು ವರ್ಷ ಬೋಟುಗಳಿಗೆ ವೆಲ್ಡಿಂಗ್ ಮಾಡಿದವನು. ಈಗ ಕಣ್ಣು ಮೊದಲಿನಂತಿಲ್ಲ, ವರ್ಕ್‌ಶಾಪನ್ನು ಮಗ ನೋಡಿಕೊಳ್ಳುತ್ತಾನೆ. ರಸ್ತೆ, ಚರಂಡಿ, ಡೀಸೆಲ್ ಸಬ್ಸಿಡಿ ಅಂತ ನಿಮಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಬೇಡಿಕೆ ಸ್ವಲ್ಪ ವಿಚಿತ್ರದ್ದು. ಲೈಟ್‌ಹೌಸ್‌ಗಳ ಬಗ್ಗೆ. ಅದರಲ್ಲೂ ಅವುಗಳಲ್ಲಿ ಉರಿಯುತ್ತಿದ್ದ ಗ್ಯಾಸಿನ ಬಗ್ಗೆ.

ಹೋದ ರಜೆಯಲ್ಲಿ ಮೊಮ್ಮಗಳನ್ನು ಒಂದು ಲೈಟ್‌ಹೌಸ್ ನೋಡಲು ಕರೆದುಕೊಂಡು ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ. ಅಲ್ಲಿದ್ದವರು ಒಳ್ಳೆಯವರೇ, ಸುಮ್ನೆ ಅವರಿಗೆ ಯಾಕೆ ತೊಂದರೆ. ಮೇಲೆ ಹತ್ತಿ ನಾನು ಉಸಿರು ಬಿಡುತ್ತಾ ನಿಂತಿದ್ದಾಗ ಹುಡುಗಿ ಕೇಳಿದಳು: "ಅಜ್ಜ, ಕರೆಂಟ್ ಬರೋ ಮುಂಚೆ ಇದು ಹೇಗೆ ಉರೀತಿತ್ತು?" ಟಿಕೆಟ್ ನೋಡುವ ಹುಡುಗ ತಲೆ ಕೆರೆದುಕೊಂಡು "ಎಣ್ಣೆ ದೀಪ ಇರ್ಬೇಕು" ಅಂದ. ಗೋಡೆಯ ಮೇಲೆ ಟಿಕೆಟ್ ದರ ಇತ್ತು, ಕಸ ಹಾಕಬೇಡಿ ಅಂತ ಇತ್ತು, ದೀಪದ ಬಗ್ಗೆ ಒಂದಕ್ಷರ ಇರಲಿಲ್ಲ.

ಹುಡುಗ ಹೇಳಿದ್ದು ಅರ್ಧ ಸರಿ. ಉಳಿದ ಅರ್ಧ ನಮ್ಮ ವರ್ಕ್‌ಶಾಪಿನ ಮೂಲೆಯಲ್ಲೇ ನಿಂತಿದೆ. ಅದು ಡಿಎ ಸಿಲಿಂಡರ್.

ಗ್ಯಾಸ್ ವೆಲ್ಡಿಂಗ್ ಮಾಡುವವರಿಗೆಲ್ಲ ಡಿಎ ಗೊತ್ತು. ಡಿಸಾಲ್ವ್ಡ್ ಅಸಿಟಿಲೀನ್, ಅಂದರೆ ಕರಗಿಸಿಟ್ಟ ಅಸಿಟಿಲೀನ್ ಗ್ಯಾಸು. ಮಾವಿನ ಹಣ್ಣಿಗೆ ಹಾಕಬೇಡಿ ಅಂತ ಸರ್ಕಾರ ಹೇಳುತ್ತಲೇ ಇರುತ್ತದಲ್ಲ, ಆ ಕಾರ್ಬೈಡ್‌ಗೆ ನೀರು ಬಿದ್ದರೆ ಬರುವ ಗ್ಯಾಸೇ ಇದು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನಮ್ಮ ಮೇಸ್ತ್ರಿ ಕಲಿಸಿದ ಮೊದಲ ಪಾಠ, ಡಿಎ ಸಿಲಿಂಡರ್ ಮಲಗಿಸಬೇಡ. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಆಗಿನ ಕಾಲವೇ ಹಾಗಿತ್ತು. ಎಷ್ಟೋ ವರ್ಷ ಆದಮೇಲೆ ಮಗನ ಮೊಬೈಲಿನಲ್ಲಿ ಹುಡುಕುತ್ತಾ ಹೋದಾಗ ಗೊತ್ತಾಯಿತು, ಆ ಸಿಲಿಂಡರಿನ ಬೇರು ಸ್ವೀಡನ್ನಿನ ಲೈಟ್‌ಹೌಸ್‌ಗಳಲ್ಲಿದೆ ಅಂತ.

ಅದಕ್ಕಿಂತ ಹಿಂದಿನದನ್ನು ಸ್ವಲ್ಪ ಹೇಳಿಬಿಡುತ್ತೇನೆ. ಈಗ ಕ್ರೊಯೇಷಿಯಾದಲ್ಲಿರುವ ಸಾವುದ್ರಿಯಾ ಎಂಬಲ್ಲಿ 1818ರಲ್ಲೇ ಕಲ್ಲಿದ್ದಲಿನಿಂದ ತೆಗೆದ ಗ್ಯಾಸಿನಲ್ಲಿ ಲೈಟ್‌ಹೌಸ್ ಹೊತ್ತಿಸಿದ್ದರು. ಆಮೇಲೆ 1865ರಲ್ಲಿ ಐರ್ಲೆಂಡಿನ ಡಬ್ಲಿನ್ ಹತ್ತಿರದ ಬೇಲಿ ಲೈಟ್‌ಹೌಸ್‌ನಲ್ಲಿ ಜಾನ್ ವಿಗಮ್ ಎಂಬವನು ತನ್ನ ಗ್ಯಾಸ್ ಬರ್ನರ್ ಹಾಕಿದ. ಅವನ ಉಪಾಯ ನನಗೆ ಬಹಳ ಇಷ್ಟ. ಆಕಾಶ ತಿಳಿಯಾಗಿದ್ದರೆ 28 ಜ್ವಾಲೆ ಸಾಕು. ಮಂಜು ಕವಿದರೆ ಸುತ್ತ ಇನ್ನಷ್ಟು ಸೇರಿಸಿಕೊಂಡು 48, 68, 88, ಕೊನೆಗೆ 108. ಎಣ್ಣೆ ಬತ್ತಿಯಲ್ಲಿ ಹೀಗೆ ಬೇಕೆಂದಾಗ ಬೆಳಕು ಜಾಸ್ತಿ ಮಾಡಲು ಆಗುತ್ತಿತ್ತಾ? ಆದರೆ ಇಂಗ್ಲೆಂಡಿನ ಲೈಟ್‌ಹೌಸ್ ನೋಡಿಕೊಳ್ಳುವ ಟ್ರಿನಿಟಿ ಹೌಸ್ ಇದನ್ನು ಅಷ್ಟಾಗಿ ಒಪ್ಪಲಿಲ್ಲ. ಅವರ ಎಂಜಿನಿಯರ್ ಜೇಮ್ಸ್ ಡಗ್ಲಾಸ್‌ನದೇ ಬೇರೆ ಬರ್ನರ್ ಇತ್ತು. ಹತ್ತನೇ ಕ್ಲಾಸಿನಲ್ಲಿ ಟಿಂಡಾಲ್ ಪರಿಣಾಮ ಅಂತ ಓದುತ್ತಾರಲ್ಲ, ಆ ಜಾನ್ ಟಿಂಡಾಲ್ ಆಗ ಅವರ ವಿಜ್ಞಾನ ಸಲಹೆಗಾರ. ವಿಗಮ್‌ಗೆ ಅನ್ಯಾಯವಾಗುತ್ತಿದೆ ಅಂತ 1883ರಲ್ಲಿ ಕೆಲಸವನ್ನೇ ಬಿಟ್ಟು ಹೊರಟ. ಒಂದು ಬರ್ನರ್ ವಿಚಾರಕ್ಕೆ ಕುರ್ಚಿ ಬಿಟ್ಟವರೂ ಇದ್ದರು ಅಂತ ನಿಮಗೆ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಆಮೇಲೆ ಇಂಗ್ಲೆಂಡಿನ ಸೌತ್ ಫೋರ್‌ಲ್ಯಾಂಡಿನಲ್ಲಿ ಗ್ಯಾಸು, ಎಣ್ಣೆ, ಕರೆಂಟು ಮೂರನ್ನೂ ಅಕ್ಕಪಕ್ಕ ಉರಿಸಿ ಪರೀಕ್ಷೆ ನಡೆಯಿತು. ಸಾಮಾನ್ಯ ಲೈಟ್‌ಹೌಸ್‌ಗೆ ಖರ್ಚು ನೋಡಿದರೆ ಎಣ್ಣೆಯೇ ವಾಸಿ ಅಂತ ತೀರ್ಮಾನವಾಯಿತು. ವಿಗಮ್‌ನ ಗ್ಯಾಸಿಗೆ ಲೈಟ್‌ಹೌಸ್ ಪಕ್ಕದಲ್ಲೇ ಗ್ಯಾಸ್ ಮಾಡುವ ಮನೆ ಬೇಕು, ಅದಕ್ಕೆ ಕೆಲಸದವರು ಬೇಕು. ಸಮುದ್ರದ ನಡುವಿನ ಬಂಡೆಯ ಮೇಲೆ ಅದನ್ನೆಲ್ಲ ಎಲ್ಲಿ ಕಟ್ಟುತ್ತೀರಿ?

ಆ ಬಂಡೆಯ ಸಮಸ್ಯೆ ಬಿಡಿಸಿದವನು ಗುಸ್ತಾಫ್ ದಲೇನ್. ಸ್ವೀಡನ್ನಿನವನು. ಅಸಿಟಿಲೀನ್ ಬೆಳಕು ಬೆಳ್ಳಗೆ, ಕಣ್ಣು ಕೋರೈಸುವಂಥದ್ದು. ಆದರೆ ಒತ್ತಿ ತುಂಬಿಸಿದರೆ ಸಿಡಿಯುತ್ತದೆ. ಅಸಿಟೋನ್‌ನಲ್ಲಿ (ಅದೊಂದು ದ್ರವ) ಕರಗಿಸಿಟ್ಟರೆ ಅಪಾಯ ಕಡಿಮೆ ಅಂತ ಫ್ರಾನ್ಸಿನವರು ಮೊದಲೇ ಕಂಡುಕೊಂಡಿದ್ದರು. ಸಿಲಿಂಡರಿನೊಳಗೆ ಸ್ಪಂಜಿನಂಥ ಒಂದು ತುಂಬು ಹಾಕಿ ಅದಕ್ಕೆ ಅಸಿಟೋನ್ ಕುಡಿಸುತ್ತಿದ್ದರು. ಆದರೆ ಗಾಡಿಯಲ್ಲಿ, ದೋಣಿಯಲ್ಲಿ ಕುಲುಕಿದಾಗ ಆ ತುಂಬು ಬಿರುಕು ಬಿಡುತ್ತಿತ್ತು. ಎಷ್ಟು ಕುಲುಕಿದರೂ ಬಿರುಕು ಬಿಡದ ತುಂಬನ್ನು ದಲೇನ್ 1906ರಲ್ಲಿ ಮಾಡಿದ. ನನ್ನ ಮೇಸ್ತ್ರಿಯ ಪಾಠದ ಅರ್ಥ ಅವತ್ತು ತಿಳಿಯಿತು. ಮಲಗಿಸಿದ ಸಿಲಿಂಡರಿನಿಂದ ಗ್ಯಾಸ್ ಜೊತೆ ಅಸಿಟೋನೂ ಹೊರಗೆ ಬರುತ್ತದೆ.

ಇನ್ನೊಂದು ಫ್ಲಾಷರ್, ಅಂದರೆ ದೀಪವನ್ನು ಮಿಣುಕಿಸುವ ಸಾಧನ. ಗ್ಯಾಸು ಒಂದು ಸಣ್ಣ ಡಬ್ಬಿಯಲ್ಲಿ ತುಂಬುತ್ತದೆ, ಒಳಗಿನ ಪೊರೆ ಉಬ್ಬುತ್ತದೆ, ಬಾಗಿಲು ತೆರೆಯುತ್ತದೆ, ಗ್ಯಾಸು ಒಮ್ಮೆಲೇ ಬರ್ನರಿಗೆ ನುಗ್ಗಿ ಪಕ್ಕದ ಪುಟ್ಟ ಜ್ವಾಲೆಯಿಂದ ಹೊತ್ತಿಕೊಳ್ಳುತ್ತದೆ, ಪೊರೆ ಕುಸಿದು ಬಾಗಿಲು ಮತ್ತೆ ಮುಚ್ಚುತ್ತದೆ. ಗಡಿಯಾರವಿಲ್ಲ, ಕರೆಂಟಿಲ್ಲ, ಗ್ಯಾಸಿನ ಒತ್ತಡವೇ ಎಲ್ಲ ಕೆಲಸ ಮಾಡುತ್ತದೆ. ಮೂರು ಸೆಕೆಂಡಿಗೊಮ್ಮೆ 0.3 ಸೆಕೆಂಡ್ ಮಾತ್ರ ಉರಿದರೆ ಖರ್ಚು ಹತ್ತನೇ ಒಂದು ಪಾಲು, ಲೆಕ್ಕ ನೀವೇ ಹಾಕಿ.

ಇಷ್ಟಕ್ಕೇ ದಲೇನ್ ಸುಮ್ಮನಾಗಲಿಲ್ಲ. ಹಗಲು ಯಾಕೆ ಉರಿಯಬೇಕು ಅಂತ 1907ರಲ್ಲಿ ಸೂರ್ಯನ ವಾಲ್ವ್ ಮಾಡಿದ. ನಡುವೆ ಒಂದು ಕಪ್ಪು ಸರಳು, ಸುತ್ತ ಮೂರು ಫಳಫಳ ಹೊಳೆಯುವ ಸರಳು. ಬಿಸಿಲು ಬಿದ್ದರೆ ಕಪ್ಪು ಸರಳು ಬೆಳಕು ಹೀರಿಕೊಂಡು ಕೂದಲೆಳೆಯಷ್ಟು ಉದ್ದವಾಗುತ್ತದೆ, ಗ್ಯಾಸ್ ಬಂದ್. ಕತ್ತಲಾದರೆ ನಾಲ್ಕೂ ಸಮ, ಗ್ಯಾಸ್ ಚಾಲೂ. ಬರೀ ಸೆಕೆ ಇದ್ದರೆ ನಾಲ್ಕೂ ಒಟ್ಟಿಗೆ ಹಿಗ್ಗುತ್ತವೆ, ಹಾಗಾಗಿ ಮೋಸ ಹೋಗುವುದಿಲ್ಲ. ಕಪ್ಪು ಮೋಡ ಕವಿದು ನಡು ಹಗಲೇ ಕತ್ತಲಾದರೆ ತಾನೇ ಹೊತ್ತಿಕೊಳ್ಳುತ್ತದೆ. ನಮ್ಮ ಆಷಾಢಕ್ಕೇ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ತಿಂಗಳುಗಟ್ಟಲೆ ಯಾರೂ ಮುಟ್ಟದೆ ದೀಪ ತನ್ನಷ್ಟಕ್ಕೆ ಉರಿಯುವಂತಾಯಿತು. ಕಾವಲಿಗೆ ಇದ್ದವರ ಕೆಲಸವೂ ಹೋಯಿತು, ಅದನ್ನೂ ಹೇಳಬೇಕು.

1912ರಲ್ಲಿ ಸಿಲಿಂಡರ್ ಪರೀಕ್ಷೆ ಮಾಡುವಾಗ ಸ್ಫೋಟವಾಗಿ ದಲೇನ್‌ನ ಎರಡೂ ಕಣ್ಣು ಹೋದವು. ಅದೇ ವರ್ಷ ಫಿಸಿಕ್ಸ್ ನೊಬೆಲ್ ಬಂತು, ತೆಗೆದುಕೊಳ್ಳಲು ಕಣ್ಣಿನ ಡಾಕ್ಟರಾಗಿದ್ದ ಅಣ್ಣ ಹೋದ. ಆಮೇಲೂ 1937ರಲ್ಲಿ ಸಾಯುವವರೆಗೆ ದಲೇನ್ ತನ್ನ ಆಗಾ ಕಂಪನಿ ನಡೆಸಿದ. ವೆಲ್ಡಿಂಗ್‌ನವರಿಗೆ ಕಣ್ಣಿನ ಭಯ ಏನು ಅಂತ ಗೊತ್ತು. ಅದಕ್ಕೇ ಈ ಭಾಗ ಓದುವಾಗ ನಾನು ಮೊಬೈಲ್ ಕೆಳಗಿಟ್ಟೆ.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ನಮ್ಮ ದೇಶದಲ್ಲೂ ಡಿಎ ಗ್ಯಾಸಿನ ದೀಪಗಳು ಬಹಳ ಕಾಲ ಹಡಗುಗಳಿಗೆ ದಾರಿ ತೋರಿಸಿವೆ. ಯಕ್ಷಗಾನಕ್ಕೆ, ಮದುವೆಗೆ ತರುತ್ತಿದ್ದ ಗ್ಯಾಸ್‌ಲೈಟಿನ ಮ್ಯಾಂಟಲ್, ಆ ಬೆಳ್ಳಗೆ ಬೆಳಗುವ ಜಾಲರಿ, ನೆನಪಿದೆಯಲ್ಲ? ಅದೇ ಜಾತಿಯ ಮ್ಯಾಂಟಲ್ ಸೀಮೆಎಣ್ಣೆ ಆವಿಯಲ್ಲಿ ಉರಿಯುವ ಲೈಟ್‌ಹೌಸ್ ದೀಪಗಳಲ್ಲೂ ಇತ್ತು. ಆ ಮ್ಯಾಂಟಲ್ ಮಾಡಲು ಥೋರಿಯಂ ಎಂಬ ಲೋಹ ಬೇಕು. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನ ತಜ್ಞ ತಿರುವಾಂಕೂರಿನ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಕಂಡ. ಅಲ್ಲಿಂದ ಆ ಮರಳು ಹಡಗು ಹತ್ತಿ ಹೋಗತೊಡಗಿತು, ಮ್ಯಾಂಟಲ್ ಮಾಡುವುದಕ್ಕೆ.

ಕಾಪುವಿನ ಲೈಟ್‌ಹೌಸ್ 1901ರದ್ದು. ಕಾರವಾರದ ದೇವಗಡ ದ್ವೀಪದ್ದು 1864ರದ್ದು. ಇವೆಲ್ಲ ಕೇಂದ್ರದ ಕೈಯಲ್ಲಿವೆ, ಅದಕ್ಕೇ ಶಾಸಕರಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. 1927ರ ಹಳೆಯ ಲೈಟ್‌ಹೌಸ್ ಕಾಯಿದೆಯ ಬದಲಿಗೆ 2021ರಲ್ಲಿ ಹೊಸದು ಬಂತಲ್ಲ, ಅದರಲ್ಲಿ ಪಾರಂಪರಿಕ ಲೈಟ್‌ಹೌಸ್ ಅಂತ ಗುರುತಿಸಿ ಶಿಕ್ಷಣಕ್ಕೆ, ಸಂಸ್ಕೃತಿಗೆ, ಪ್ರವಾಸಕ್ಕೆ ಬಳಸಲು ಅವಕಾಶ ಇದೆ. ಪ್ರವಾಸ ಜೋರಾಗಿ ನಡೆದಿದೆ, 2024ರಲ್ಲಿ 75 ಲೈಟ್‌ಹೌಸ್‌ಗಳಲ್ಲಿ ಪ್ರವಾಸಿ ಸೌಕರ್ಯ ಉದ್ಘಾಟನೆಯಾಯಿತು. ಸಂತೋಷ. ಶಿಕ್ಷಣದ ಸರದಿ ಯಾವಾಗ?

ನೀವು ಮಾಡಬೇಕಾದ್ದು ದೊಡ್ಡದೇನಲ್ಲ. ನಮ್ಮ ಕರಾವಳಿಯ ಲೈಟ್‌ಹೌಸ್‌ಗಳ ಸ್ಟೋರ್ ರೂಮುಗಳಲ್ಲಿ ಹಳೆ ಬರ್ನರ್, ಫ್ಲಾಷರ್, ಸೂರ್ಯನ ವಾಲ್ವ್ ಏನೇನು ಉಳಿದಿವೆ ಅಂತ ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಿ. ಪಟ್ಟಿ ಬರುವವರೆಗೆ ಯಾವುದನ್ನೂ ಹರಾಜು ಹಾಕಬೇಡಿ ಅಂತ ಸಚಿವರಿಗೆ ಒಂದು ಕಾಗದ ಹಾಕಿ. ಹಿತ್ತಾಳೆಗೆ ಗುಜರಿಯಲ್ಲಿ ಏನು ಬೆಲೆ ಅಂತ ನನಗೆ ಗೊತ್ತು, ಒಂದು ಸಲ ಹೋದರೆ ವಾಪಸ್ ಬರುವುದಿಲ್ಲ. ರಿಟೈರ್ ಆದ ಲೈಟ್‌ಹೌಸ್ ನೌಕರರನ್ನು ಕೂರಿಸಿ ಮಾತಾಡಿಸಿ, ರೆಕಾರ್ಡ್ ಮಾಡಿಸಿ. ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಿ, ಟಿಕೆಟ್ ದರದ ಬೋರ್ಡಿಗಿಂತ ಸ್ವಲ್ಪ ದೊಡ್ಡದಾಗಿರಲಿ.

ಹಳೆಯ ಫ್ಲಾಷರ್ ಎಲ್ಲಾದರೂ ಸಿಕ್ಕರೆ ನನಗೊಂದು ಮಾತು ತಿಳಿಸಿ. ಕಿಲುಬು ತೆಗೆದು, ವಾಷರ್ ಬದಲಿಸಿ, ಮೊಮ್ಮಗಳ ಎದುರಿಗೇ ಮಿಣುಕಿಸಿ ತೋರಿಸಲು ಒಂದು ಕೈ ನೋಡುತ್ತೇನೆ. ಮಜೂರಿ ಬೇಡ. ಗ್ಯಾಸ್ ಮಾತ್ರ ನಿಮ್ಮದು, ಆ ಸಿಲಿಂಡರನ್ನು ಮಲಗಿಸಿ ತರಬೇಡಿ ಅಂತ ಗಾಡಿಯವನಿಗೆ ಹೇಳಿ.

ಇಂತಿ,
ಮಲ್ಪೆಯ ಒಬ್ಬ ಹಳೆಯ ವೆಲ್ಡರ್