ಟವೆಲ್ ರಾಡು ಆಸರೆಯಲ್ಲ

ಮಾನ್ಯರೇ,

ಎಂಬತ್ತು ದಾಟಿದ ನಮ್ಮಮ್ಮ ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನೋಡಲು ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: 'ಏನು ಮಾಡೋದು, ವಯಸ್ಸಾಯ್ತಲ್ಲ.' ವಯಸ್ಸಿನ ಮೇಲೆ ಹೊರಿಸಿದರೆ ನಮಗೆಲ್ಲ ಸಲೀಸು. ಅಮ್ಮನನ್ನು ಬೀಳಿಸಿದ್ದು ಹಳೆಯ ಒರಟು ಕಲ್ಲು ಕಿತ್ತು ನಾವೇ ಹಾಕಿಸಿದ ಹೊಳೆಯುವ ಟೈಲ್ಸು. ಅಂಗಡಿಯಲ್ಲಿ ಬಣ್ಣ ಆರಿಸಿದೆವು, ಚೌಕಾಸಿ ಮಾಡಿದೆವು. ಒದ್ದೆಯಾದರೆ ಜಾರುತ್ತದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ಬೀಳುವಾಗ ಅಮ್ಮ ಹಿಡಿದದ್ದು ಟವೆಲ್ ರಾಡು. ಸ್ಕ್ರೂ ಸಮೇತ ಅದೂ ಕಿತ್ತು ಕೈಗೆ ಬಂತು. ವಯಸ್ಸಾದವರಿರುವ ಮನೆಗಳಲ್ಲಿ ಗಮನಿಸಿ; ಟವೆಲ್ ರಾಡು, ನಲ್ಲಿ, ವಾಶ್ ಬೇಸಿನ್ನಿನ ಅಂಚು ಇವೇ ಅವರ ಊರುಗೋಲು. ಮೈಭಾರ ತಾಳುವ ಸ್ಟೀಲ್ ಹಿಡಿಕೆಗಳನ್ನು ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಗೋಡೆಗೆ ಭದ್ರವಾಗಿ ಕೂರಿಸಲು ಪ್ಲಂಬರಿಗೆ ಅರ್ಧ ದಿನ ಸಾಕಾಯಿತು. ಅದು ನಮಗೆ ಹೊಳೆದದ್ದು ಆಪರೇಷನ್ ಆದ ಮೇಲೆ.

ಬಾಗಿಲಿನದು ಇನ್ನೊಂದು ಕಥೆ. ಒಳಕ್ಕೆ ತೆರೆಯುವ ಬಾಗಿಲು, ಚಿಲಕ ಹಾಕಿತ್ತು, ಅಮ್ಮ ಬಿದ್ದಿದ್ದು ಅದಕ್ಕೇ ಅಡ್ಡಲಾಗಿ. ಒಡೆದು ತಳ್ಳಿದರೆ ಅವರಿಗೇ ಬಡಿಯುತ್ತದೆ. ಪಕ್ಕದ ಮನೆಯ ಸಣಕಲು ಹುಡುಗ ವೆಂಟಿಲೇಟರಿನ ಗಾಜು ತೆಗೆದು ಒಳಗಿಳಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಈಗ ಬಾಗಿಲು ಹೊರಕ್ಕೆ ತೆರೆಯುತ್ತದೆ, ಒಳಚಿಲಕ ಇಲ್ಲ. ಅಮ್ಮನಿಗೆ ಮೊದಮೊದಲು ಸಂಕೋಚ. ಹೊರಗಿನ ಹಿಡಿಗೆ ಟವೆಲ್ ಇಳಿಬಿಟ್ಟಿದ್ದರೆ ಒಳಗಿದ್ದಾರೆ ಎಂದು ಲೆಕ್ಕ.

ಅದಕ್ಕೂ ಮುಂಚೆ ಎರಡು ಸಲ ಬಿದ್ದಿದ್ದರು ಎಂಬುದು ಆಸ್ಪತ್ರೆಯಲ್ಲಿ ತಿಳಿಯಿತು. ಹೇಳಿದರೆ ಬೈದು ಓಡಾಟ ನಿಲ್ಲಿಸುತ್ತೇವೆ ಎಂದು ಮುಚ್ಚಿಟ್ಟಿದ್ದರು. ಅವರ ಭಯ ಸುಳ್ಳೂ ಅಲ್ಲ. ಗೊತ್ತಿದ್ದರೆ ಬಿ.ಪಿ. ಮಾತ್ರೆಯ ವಿಷಯ ಡಾಕ್ಟರ ಬಳಿ ಮೊದಲೇ ಕೇಳಬಹುದಿತ್ತು. ಮಲಗಿದ್ದವರು ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದಂತೆ. ಮಂಚದ ಅಂಚಿನಲ್ಲಿ ತುಸು ಕೂತು ಏಳಬೇಕಂತೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದ್ದೇ. ರಸ್ತೆ ಸುರಕ್ಷತೆಗೆ ಫಲಕ, ಜಾಥಾ, ಭಾಷಣ ಎಲ್ಲ ಇವೆ. 70 ದಾಟಿದವರಿಗೆ ಆಯುಷ್ಮಾನ್ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆಯನ್ನು ಕೇಂದ್ರ 2024ರಲ್ಲಿ ಘೋಷಿಸಿದ್ದು ಸಂತೋಷವೇ. ಆದರೆ ಅದು ಮೂಳೆ ಮುರಿದ ಮೇಲಿನ ಮಾತಾಯಿತು.

ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಬಿ.ಪಿ., ಸಕ್ಕರೆ ತಪಾಸಣೆಗೆಂದು ಮನೆ ಬಾಗಿಲಿಗೆ ಬರುತ್ತಾರೆ. ಬಂದವರು ಬಚ್ಚಲಿಗೂ ಒಮ್ಮೆ ಇಣುಕಿ, ಹಿಡಿಕೆ ಇದೆಯೇ, ರಾತ್ರಿ ಹೋಗುವ ದಾರಿಯಲ್ಲಿ ಸಣ್ಣ ದೀಪ ಇದೆಯೇ, ಈಚೆಗೆ ಬಿದ್ದಿದ್ದೀರಾ ಎಂದು ಕೇಳುವಂತೆ ಆರೋಗ್ಯ ಇಲಾಖೆ ಸೂಚಿಸಲಿ. ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಕೆಲಸ ಮೈತುಂಬ ಇದೆ, ಬಲ್ಲೆ. ಇದಕ್ಕೆಂದು ಪ್ರತ್ಯೇಕ ಗೌರವಧನ ಕೊಟ್ಟೇ ಮಾಡಿಸಲಿ.

— ಓದುಗರೊಬ್ಬರು, ಸಾಗರ